ಹರಿಯದ ಪಟ್ಟಿ

ಹಿಂದೆ ನಮ್ಮ ಪಕ್ಕದ ಮನೆಯಲ್ಲಿದ್ದ ಹಿರಿಯರು ತೀರಿಕೊಂಡರೆಂದು ಅವರ ಅಕ್ಕನ ಮಗಳು ಫೋನ್ ಮಾಡಿದಾಗ ನಾನು ಒಂದು ಬ್ಲೌಸಿಗೆ ತೋಳು ಕೂರಿಸುತ್ತಿದ್ದೆ. ಬೆಳಿಗ್ಗೆ ಹತ್ತೂವರೆ ಇರಬಹುದು. ಒಲೆಯ ಮೇಲೆ ಬೇಳೆಯ ಕುಕ್ಕರಿನಿಂದ ಎರಡನೆಯ ವಿಷಲ್ ಇನ್ನೂ ಬಂದಿರಲಿಲ್ಲ. ವಿಷಯವನ್ನು ಅತ್ತೆಗೆ ಹೇಳಿದೆ. ಹುರುಳಿಕಾಯಿಯ ನಾರು ತೆಗೆಯುತ್ತಿದ್ದವರು ಮೊರವನ್ನು ಪಕ್ಕಕ್ಕೆ ಸರಿಸಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು.

"ನನ್ನ ಜೀವ ಉಳಿಸಿದ ಮನುಷ್ಯ ಕಣೇ. ಹೆತ್ತ ಮಗನಾದ್ರೂ ಹಂಗೆ ಓಡಿ ಬರ್ತಿದ್ನೋ ಇಲ್ವೋ."

ನನಗೆ ಅಳು ಬರಲಿಲ್ಲ. ತೋಳನ್ನು ಪೂರ್ತಿ ಕೂರಿಸಿ, ದಾರ ಕತ್ತರಿಸಿ, ಆಮೇಲೆ ಎದ್ದು ಒಲೆ ಆರಿಸಿದೆ. ಅತ್ತೆಯ ಮಾತಿನಲ್ಲಿ ಅರ್ಧ ನಿಜವಿತ್ತು. ಉಳಿದ ಅರ್ಧ ನನ್ನೊಬ್ಬಳಿಗೇ ಗೊತ್ತಿತ್ತು.

ಚಾಮರಾಜಪೇಟೆಯ ಈ ಬಾಡಿಗೆ ಮನೆಗೆ ಬರುವ ಮೊದಲು ನಾವು ಹತ್ತೊಂಬತ್ತು ವರ್ಷ ಶಂಕರಪುರದ ಒಂದು ವಠಾರದಲ್ಲಿದ್ದೆವು. ರಸ್ತೆಯಿಂದ ಒಳಕ್ಕೆ ಉದ್ದನೆಯ ಓಣಿ, ಬಲಗಡೆ ಸಾಲಾಗಿ ಮೂರು ಬಾಗಿಲು. ಮೊದಲನೆಯ ಮನೆಗೆ ಮಾಲೀಕರು ಬೀಗ ಹಾಕಿಟ್ಟಿದ್ದರು. ನಡುವಿನದು ನಮ್ಮದು. ಕೊನೆಯದು ಅವರದು. ಮೂರು ಮನೆಗೂ ಹಿಂದಿನ ಗೋಡೆ ಒಂದೇ. ಇಟ್ಟಿಗೆಗೆ ಮಣ್ಣಿನ ಗಾರೆ, ಮೇಲೆ ವರ್ಷವರ್ಷದ ಸುಣ್ಣ ಪದರಪದರವಾಗಿ ಕೂತು ಹಪ್ಪಳದಷ್ಟು ದಪ್ಪವಾಗಿತ್ತು. ಆ ಗೋಡೆಯ ಒಂದು ಭಾಗಕ್ಕೆ ಒರಗಿಸಿ ನಮ್ಮ ಅತ್ತೆಯ ಮಂಚ. ಇನ್ನೊಂದು ಭಾಗದಲ್ಲಿ ಅವರ ಪೋಸ್ಟರುಗಳು.

ಅವರು ಗಾಂಧಿನಗರದ ಒಂದು ಸಿನಿಮಾ ವಿತರಕರ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು. ಪ್ರತಿ ಚಿತ್ರಕ್ಕೂ ಬಂದ ಪೋಸ್ಟರಿನ ಕಟ್ಟಿನಲ್ಲಿ ಗೋಡೆಗೆ ಹೋಗದೆ ಉಳಿದದ್ದನ್ನು ಕೇಳಿ ಪಡೆದು ಒಂದೊಂದಾಗಿ ಮನೆಗೆ ತಂದರು. ಮದುವೆಯಾಗಲಿಲ್ಲ. ಆಫೀಸು ಮುಚ್ಚಿದ ಮೇಲೂ ತರುವುದು ನಿಲ್ಲಲಿಲ್ಲ. ಹಳೇ ಪೇಪರಿನ ಅಂಗಡಿಗಳನ್ನು ಸುತ್ತಿ, ಯಾರೋ ಮಡಿಸಿ ತುಳಿದು ಬಿಸಾಕಿದ್ದನ್ನು ಗಾಯಗೊಂಡ ಹಕ್ಕಿಯನ್ನು ತರುವವರ ಹಾಗೆ ಎರಡು ಕೈಯಲ್ಲಿ ಹಿಡಿದುಕೊಂಡು ಬರುತ್ತಿದ್ದರು. ನಾನು ಅವರನ್ನು ಮಾಮ ಎನ್ನುತ್ತಿದ್ದೆ. ಅತ್ತೆಗೆ ಅವರು 'ಕಾಗದದವನು'.

"ಏನಪ್ಪಾ, ಇವತ್ತು ಯಾವ ಹುಡುಗೀನ ಮನೆ ತುಂಬಿಸ್ಕೊಂಡೆ?" ಎಂದು ಅತ್ತೆ ಓಣಿಯಲ್ಲಿ ಕೂತು ರೇಗಿಸುವರು.

"ಹುಡುಗಿ ಅಲ್ಲ ಅಮ್ಮಾ, ಕುದುರೆ ಸವಾರ. ಒಂದು ಕಾಲು ಹೋಗ್ಬಿಟ್ಟಿದೆ, ಕೂರಿಸ್ಬೇಕು."

"ನನ್ನ ಮಂಡಿನೂ ಹಂಗೇ ಒಂದು ಕೂರಿಸ್ಕೊಡು ಮಾರಾಯ."

ನಲವತ್ತು ವರ್ಷದ ಆ ಸಂಗ್ರಹಕ್ಕೆ ಅವರು ಅಂಗಡಿಯಿಂದ ದುಡ್ಡು ಕೊಟ್ಟು ತಂದದ್ದು ಮೈದಾ ಹಿಟ್ಟು ಮತ್ತು ಒಂದಿಷ್ಟು ಬಿಳಿ ಕಾಗದ, ಅಷ್ಟೇ ಎಂದು ಕಾಣುತ್ತದೆ. ಮಿಕ್ಕದ್ದೆಲ್ಲ ಬೀದಿಯಿಂದ ಬಂತು. ಜನವರಿ ಮೊದಲ ವಾರ ಮನೆಮನೆಗೂ ಹೋಗಿ ಹೋದ ವರ್ಷದ ಕ್ಯಾಲೆಂಡರು ಕೇಳುವರು. ಅವರಿಗೆ ಬೇಕಾದದ್ದು ಅದರ ನೆತ್ತಿಯ ಮೇಲಿನ ತಗಡಿನ ಪಟ್ಟಿ. ಅದನ್ನು ಇಕ್ಕಳದಲ್ಲಿ ನಿಧಾನಕ್ಕೆ ಬಿಡಿಸಿ, ಒಳಗೆ ಬಿಳಿ ಕಾಗದವನ್ನು ಮಡಿಸಿಟ್ಟು, ಅದರ ನಡುವೆ ಪೋಸ್ಟರಿನ ಅಂಚು ಬರುವಂತೆ ಮತ್ತೆ ಒತ್ತುವರು. ಮೇಲೊಂದು, ಕೆಳಗೊಂದು. ತಗಡು ನೇರವಾಗಿ ತಾಕಿದರೆ ತುಕ್ಕು ಇಳಿಯುತ್ತದೆ. ಮೊಳೆ ಪೋಸ್ಟರನ್ನು ಮುಟ್ಟಕೂಡದು, ಪೋಸ್ಟರು ಗೋಡೆಯನ್ನು ಮುಟ್ಟಕೂಡದು. ಅದಕ್ಕೆಂದು ಕೆಳಗಿನ ಪಟ್ಟಿಯ ಹಿಂದೆ ಎರಡು ಬಾಟಲಿ ಬಿರಡೆ ಅಂಟಿಸಿರುತ್ತಿದ್ದರು. ಹಿಂದೆ ಒಂದು ಬೆರಳು ತೂರುವಷ್ಟು ಸಂದು.

"ಗೋಡೆ ಉಸಿರಾಡುತ್ತಮ್ಮ. ಅದರ ಉಸಿರು ಕಾಗದಕ್ಕೆ ತಗುಲಬಾರದು" ಎನ್ನುವರು.

ಸೆಲ್ಲೋಟೇಪು ಕಂಡರೆ ಮುಖ ಕೆಂಪಾಗುತ್ತಿತ್ತು. ಲ್ಯಾಮಿನೇಷನ್ ಎಂದರೆ "ಜೀವ ಇರೋವಾಗ್ಲೇ ಹೂಳೋದು". ರಬ್ಬರ್ ಬ್ಯಾಂಡು ಎರಡು ಬೇಸಿಗೆಗೆ ಕರಗಿ ಕಾಗದ ಕಚ್ಚಿಕೊಳ್ಳುತ್ತದೆ, ಆದ್ದರಿಂದ ಸುತ್ತಿದ ಪೋಸ್ಟರಿಗೆ ಲಂಗದ ಲಾಡಿ. ಅದು ನನ್ನ ಹೊಲಿಗೆ ಡಬ್ಬದ್ದೇ. ಪ್ಲಂಬರುಗಳು ಬಿಟ್ಟುಹೋದ ಪೈಪಿನ ತುಂಡುಗಳಿಗೆ ಗಂಜಿ ಹೋಗುವ ಹಾಗೆ ಒಗೆದ ಹಳೇ ಪಂಚೆ ಸುತ್ತಿ, ಅದರ ಮೇಲೆ ಪೋಸ್ಟರು ಸುತ್ತುವರು. ಹೊಸ ಚಪ್ಪಲಿ, ಔಷಧಿ ಡಬ್ಬಿಗಳಲ್ಲಿ ಬರುವ ತೇವ ಹೀರುವ ಸಣ್ಣ ಪೊಟ್ಟಣಗಳನ್ನು ನಾವೆಲ್ಲ ಅವರಿಗಾಗಿ ತೆಗೆದಿಡುತ್ತಿದ್ದೆವು. ಸುತ್ತಲಾಗದ ದೊಡ್ಡವು ಹಲಗೆಯ ಮಂಚದ ಮೇಲೆ ಚಪ್ಪಟೆಯಾಗಿ, ಒಂದೊಂದರ ನಡುವೆ ಬಿಳಿ ಕಾಗದ. ಅದರ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ಅವರು. "ನನ್ನ ತೂಕವೇ ಪ್ರೆಸ್ಸು" ಎಂದು ನಗುತ್ತಿದ್ದರು. ಆ ಹಾಸಿಗೆಯಲ್ಲಿ ಅವರು ಮಗ್ಗುಲು ಬದಲಿಸಲೂ ಹೆದರುತ್ತಿದ್ದರೇನೋ ಎಂದು ನನಗೆ ಅನುಮಾನ.

ಒಂದು ಸಲಕ್ಕೆ ಗೋಡೆಯ ಮೇಲೆ ಐದೇ. ಅವುಗಳ ಮುಂದೆ ನಮ್ಮ ಅತ್ತೆಯ ಹಳೆಯ ಹತ್ತಿ ಸೀರೆಯ ಪರದೆ. ಯಾರಾದರೂ ನೋಡಲು ಬಂದರೆ ಮಾತ್ರ ದೇವರ ಕೋಣೆಯಲ್ಲಿ ಸರಿಸುವ ಹಾಗೆ ಅದನ್ನು ಸರಿಸುವರು. ಅಮಾವಾಸ್ಯೆಗೆ ಅಮಾವಾಸ್ಯೆಗೆ ಐದನ್ನೂ ಇಳಿಸಿ ಬೇರೆ ಐದನ್ನು ಏರಿಸುವರು. ಒಂದು ತಿಂಗಳು ಬೆಳಕು ಕಂಡದ್ದು ಆಮೇಲೆ ವರ್ಷಗಟ್ಟಲೆ ಕತ್ತಲೆಯಲ್ಲಿರಬೇಕು ಎನ್ನುವುದು ಅವರ ಲೆಕ್ಕ.

ಅವರ ನಿಜವಾದ ಕೈಚಳಕ ಹರಿದ ಕಾಗದದಲ್ಲಿತ್ತು. ಮೈದಾ ಅಂಟಿಗೆ ಬೈಂಡಿಂಗಿನವರ ಹಾಗೆ ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ ಕಾಯಿಸಿ, ಹರಿದ ಜಾಗದ ಬೆನ್ನಿಗೆ ತೆಳ್ಳನೆಯ ಮಲ್ ಬಟ್ಟೆ ಕೊಡುವರು. ಬಟ್ಟೆ ನನ್ನ ಲೈನಿಂಗ್ ಚೂರು. ಬೆರಳ ತುದಿಯಿಂದ ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ ಒತ್ತುತ್ತ ಹೋದರೆ ಮುಂದಿನಿಂದ ನೋಡಿದವರಿಗೆ ಹರಿದದ್ದೇ ತಿಳಿಯದು. ಒಮ್ಮೆ ಬಟ್ಟೆ ಕೊಟ್ಟ ಕಾಗದದ ಎರಡು ತುದಿ ನನ್ನ ಕೈಗೆ ಕೊಟ್ಟು, "ಎಳಿ ನೋಡೋಣ" ಎಂದರು. ಹೆದರಿಕೊಂಡು ಎಳೆದೆ. "ಜೋರಾಗಿ ಎಳೀ ಅಂದ್ರೆ!" ಜೋರಾಗಿಯೇ ಎಳೆದೆ. ಹರಿಯಲಿಲ್ಲ. ಅವರ ಕಣ್ಣಲ್ಲಿ ಆಗ ಕಂಡ ಬೆಳಕನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ನಮ್ಮ ಹಿಂದಿನ ಬೀದಿಯ ದೊಡ್ಡ ಹಳೇ ಮನೆಯೊಂದನ್ನು ಕೆಡವಿದ್ದು ಹೋದ ವರ್ಷ ಯುಗಾದಿ ಕಳೆದ ಮೇಲೆ. ಕೆಡವಿದ್ದು ನಾಲ್ಕು ದಿನ. ಆಮೇಲೆ ನೆಲ ಅಗೆಯುವ ಯಂತ್ರ ಬಂತು. ಕೆಳಗೆ ಎರಡಂತಸ್ತು ಕಾರು ನಿಲ್ಲಿಸಲು, ಮೇಲೆ ನಾಲ್ಕಂತಸ್ತು ಎಂದು ಕೇಳಿದೆವು. ನಮ್ಮ ಹಿಂಗೋಡೆಯ ಬುಡದಿಂದ ಮೂರು ಹೆಜ್ಜೆಗೆ ಹಳ್ಳ ಶುರುವಾಯಿತು. ಬೆಳಿಗ್ಗೆ ಒಂಬತ್ತಕ್ಕೆ ಯಂತ್ರ ಗುರ್ರೆಂದರೆ ನಮ್ಮ ಲೋಟದ ಸ್ಟ್ಯಾಂಡಿನಲ್ಲಿ ಲೋಟಗಳು ಸಣ್ಣಗೆ ಕಿಣಿಕಿಣಿ ಎನ್ನುವವು. ಮಧ್ಯಾಹ್ನ ಕೆಲಸದವರು ಊಟಕ್ಕೆ ನಿಲ್ಲಿಸಿದಾಗ ಇನ್ನೊಂದು ಸದ್ದು ಕೇಳಿಸುತ್ತಿತ್ತು. ಗೋಡೆಯೊಳಗೆ ಯಾರೋ ಸಕ್ಕರೆ ಸುರಿಯುತ್ತಿರುವಂಥ ಸದ್ದು. ಅತ್ತೆ ಇಲಿ ಎಂದರು. ಬೋನು ಇಟ್ಟೆವು. ಯಾವ ಇಲಿಯೂ ಬೀಳಲಿಲ್ಲ.

ಆ ಅಮಾವಾಸ್ಯೆ ಮಾಮ ಪೋಸ್ಟರುಗಳನ್ನು ಇಳಿಸಿದಾಗ ನಾನು ಅಲ್ಲೇ ಇದ್ದೆ, ಲಾಡಿ ಕೊಡಲು ಹೋಗಿದ್ದೆ. ನಾಲ್ಕನೆಯದನ್ನು ಇಳಿಸಿ ಅವರು ಹಾಗೇ ನಿಂತರು. ಸೂರಿನಿಂದ ಎದೆಯೆತ್ತರದವರೆಗೆ ಬಿರುಕು. ಕೂದಲೆಳೆಯಲ್ಲ, ನನ್ನ ಹೊಲಿಗೆಯ ಅಳತೆ ಟೇಪಿನ ಅಂಚು ತೂರುವಷ್ಟು. ನಮ್ಮ ಕಡೆ ಬಂದು ನೋಡಿದರೆ ಅತ್ತೆಯ ಮಂಚದ ತಲೆದೆಸೆಯ ಮೇಲೆ ಸುಣ್ಣ ಉಬ್ಬಿತ್ತು, ಅಷ್ಟೇ. ಬಿರುಕು ಬಾಯಿ ಬಿಟ್ಟದ್ದು ಅವರ ಕೋಣೆಯಲ್ಲಿ.

ನಮ್ಮ ಯಜಮಾನರು ತಮಗೆ ಗೊತ್ತಿದ್ದ ಒಬ್ಬ ವಯಸ್ಸಾದ ಗಾರೆ ಮೇಸ್ತ್ರಿಯನ್ನು ಕರೆತಂದರು. ಆತ ಗೋಡೆಗೆ ಅಂಗೈ ಇಟ್ಟು, ಬೆರಳಗಂಟಿನಿಂದ ತಟ್ಟಿ ನೋಡಿದ.

"ಇದು ನಿಂತ ಬಿರುಕೋ ನಡೆಯೋ ಬಿರುಕೋ ಈಗ್ಲೇ ಹೇಳಕ್ಕಾಗಲ್ಲ ಸಾರ್. ಅಡ್ಡಕ್ಕೆ ಒಂದು ಕಾಗದದ ಪಟ್ಟಿ ಅಂಟಿಸಿ. ತೆಳ್ಳನೆ ಕಾಗದ, ಎರಡು ತುದೀನೂ ಚೆನ್ನಾಗಿ ಹಿಡೀಬೇಕು. ಹರೀಲಿಲ್ಲ ಅಂದ್ರೆ ಗೋಡೆ ಅಲ್ಲೇ ಐತೆ ಅಂತ. ಹರೀತೋ, ಒಂದು ಗಂಟೆನೂ ಇರ್ಬೇಡಿ. ಪಾತ್ರೆ ಪಗಡೆ ಅಂತ ನೋಡ್ಬೇಡಿ, ಎದ್ದು ಹೋಗಿ."

"ಕಾಗದದ ಕೆಲಸ ನನಗೆ ಬಿಡಿ" ಎಂದರು ಮಾಮ.

ಸಂಜೆ ನಮ್ಮ ಬಾಗಿಲಿಗೆ ಬಂದು, "ಒಂದು ಚೂರು ಮಲ್ ಬಟ್ಟೆ ಇದ್ರೆ ಕೊಡಮ್ಮ, ಎರಡು ಬೆರಳಗಲ, ಒಂದು ಗೇಣುದ್ದ" ಎಂದು ಕೇಳಿದರು. ಯಾವ ಪೋಸ್ಟರಿಗೋ ಎಂದುಕೊಂಡು ಕತ್ತರಿಸಿ ಕೊಟ್ಟೆ. ಅವರು ದಿನಾ ಕೇಳುತ್ತಿದ್ದದ್ದೇ ಅದು.

ಅಂದಿನಿಂದ ನಮ್ಮ ವಠಾರದ ಜೀವನವೆಲ್ಲ ಆ ಪಟ್ಟಿಯ ಮೇಲೆ ನಿಂತಿತು. ಓಕಳಿಪುರದಲ್ಲಿರುವ ನನ್ನ ನಾದಿನಿ ಅತ್ತೆಗೆ ಒಂದು ಮೂಲೆ ತೆರವು ಮಾಡಿಟ್ಟಿದ್ದಳು. ಅತ್ತೆ ಒಪ್ಪಲಿಲ್ಲ. "ಅಲ್ಲಿ ರೈಲು ಎದೆ ಮೇಲೇ ಹೋಗುತ್ತೆ. ಪಟ್ಟಿ ಹರೀಲಿ, ಆಮೇಲೆ ಹೋದ್ರಾಯ್ತು." ಯಜಮಾನರು ಕೆಲಸಕ್ಕೆ ಹೊರಡುವ ಮೊದಲು ದಿನಾ ಮಾಮನ ಮನೆಗೆ ಹೋಗಿ ಪರದೆ ಸರಿಸಿ ನೋಡಿ ಬರುವರು. "ಹಂಗೇ ಇದೆ" ಎಂದು ಓಣಿಯಿಂದ ಕೂಗಿ ಹೇಳುವರು. ನಾನು ಉಸಿರು ಬಿಟ್ಟು ದೋಸೆ ಕಾವಲಿ ಇಡುವೆ. ಕಟ್ಟಡದವರ ಕಡೆಯ ಇಂಜಿನಿಯರೊಬ್ಬ ಒಮ್ಮೆ ಬಂದ. ತಲೆಗೆ ಹಳದಿ ಟೋಪಿ. ಪಟ್ಟಿಗೆ ಟಾರ್ಚು ಬಿಟ್ಟು ನೋಡಿ, ಫೋಟೋ ತೆಗೆದುಕೊಂಡ.

"ನೋಡಿ ಮೇಡಂ, ನೀವೇ ಅಂಟಿಸಿರೋ ಪಟ್ಟಿ. ಒಂದು ನೆರಿಗೆ ಕೂಡ ಬಿದ್ದಿಲ್ಲ. ಸುಮ್ನೆ ಟೆನ್ಶನ್ ಮಾಡ್ಕೋಬೇಡಿ."

ಮಾಮ ಆಗ ಮೂಲೆಯಲ್ಲಿ ನಿಂತು ಪೈಪಿಗೆ ಪಂಚೆ ಸುತ್ತುತ್ತಿದ್ದರು. ತಲೆಯೆತ್ತಲಿಲ್ಲ.

ಆ ದಿನಗಳಲ್ಲಿ ಅವರು ಇಳಿದುಹೋದರು. ಅತ್ತೆ ಕಳಿಸಿದ ಸಾರು ಪಾತ್ರೆಯಲ್ಲಿ ಹಾಗೇ ವಾಪಸು ಬರುವುದು. ಬೆಳಿಗ್ಗೆ ಹತ್ತು ಗಂಟೆಗೆ ಛತ್ರಿ ಹಿಡಿದು ಹೊರಟರೆ ಮಧ್ಯಾಹ್ನ ಧೂಳುಗಾಲಲ್ಲಿ ಬರುವರು. ಮನೆ ಹುಡುಕುತ್ತಿದ್ದರು. ಒಂಟಿ ಮುದುಕ ಎಂದು ಕೆಲವರು ಬಾಗಿಲಲ್ಲೇ ಬೇಡವೆಂದರು. ಒಂದು ಕಡೆ ಗೋಡೆ ತೇವ, ಒಂದು ಕಡೆ ಪಡುವಣ ಬಿಸಿಲು ನೇರ ಒಳಕ್ಕೆ. ಮಾವಳ್ಳಿಯಲ್ಲಿದ್ದ ಅಕ್ಕನ ಮಗಳು, "ನೀವು ಬನ್ನಿ ಮಾವ, ಆ ಹಳೇ ಕಾಗದ ಮಾತ್ರ ಬೇಡ, ಮಗೂಗೆ ಧೂಳಾಗಲ್ಲ" ಎಂದಿದ್ದಳು. ಅವಳ ಮಗುವಿಗೆ ಉಬ್ಬಸ. ಅವಳದೂ ತಪ್ಪೆನ್ನುವಂತಿರಲಿಲ್ಲ.

"ಪಟ್ಟಿ ಗಟ್ಟಿಯಾಗಿದೆಯಲ್ಲ ಮಾಮ, ಯಾಕಿಷ್ಟು ಒದ್ದಾಡ್ತೀರಿ? ನಿಧಾನಕ್ಕೆ ಹುಡುಕಿ" ಎಂದೆ ಒಂದು ದಿನ.

ಅವರು ನನ್ನ ಮುಖವನ್ನೇ ನೋಡಿದರು. ಏನೋ ಹೇಳುತ್ತಾರೆ ಎಂದು ಕಾದೆ. "ಬಿಸಿಲು ಜಾಸ್ತಿ ಇವತ್ತು" ಎಂದು ಒಳಗೆ ಹೋದರು.

ಗೋಡೆ ಬಿದ್ದದ್ದು ಮಧ್ಯಾಹ್ನ ಮೂರು ಗಂಟೆಗೆ. ಹಿಂದಿನ ಎರಡು ಸಂಜೆ ಮಳೆ ಬಂದು ಹಳ್ಳದಲ್ಲಿ ಕೆಂಪು ನೀರು ನಿಂತಿತ್ತು. ನಾನು ಮುಂದಿನ ಕೋಣೆಯಲ್ಲಿ ಸೀರೆಗೆ ಫಾಲ್ ಹಾಕುತ್ತಿದ್ದೆ. ಅತ್ತೆ ಒಳಗೆ ಮಲಗಿದ್ದರು. ಮಾಮ ಬರಿಗಾಲಲ್ಲಿ, ಬನಿಯನ್ನಿನಲ್ಲಿ ನಮ್ಮ ಬಾಗಿಲು ನೂಕಿಕೊಂಡು ಬಂದರು. ಅವರು ಯಾವತ್ತೂ ಕೇಳದೆ ಹೊಸ್ತಿಲು ದಾಟಿದವರಲ್ಲ. ನನ್ನನ್ನು ನೋಡದೆ ನೇರ ಒಳಕೋಣೆಗೆ ಹೋಗಿ ಅತ್ತೆಯನ್ನು ಎರಡೂ ರಟ್ಟೆ ಹಿಡಿದು ಎಬ್ಬಿಸಿದರು.

"ಏಯ್, ಬಿಡೋ! ಏನು ಹುಚ್ಚು ಹಿಡೀತಾ ನಿಂಗೆ? ಚಪ್ಪಲಿ, ನನ್ನ ಚಪ್ಪಲಿ!"

"ಬನ್ನಿ ಅಮ್ಮಾ, ಬನ್ನಿ ಬನ್ನಿ ಬನ್ನಿ."

ಅತ್ತೆಯನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಓಣಿಗೆ ತಂದರು. ಅವರ ಹಿಂದೆ ಕೈಯಲ್ಲಿ ಸೂಜಿ ಹಿಡಿದೇ ನಾನು. ರಸ್ತೆ ತಲುಪಿರಲಿಲ್ಲ. ದೊಡ್ಡ ಸದ್ದೇನೂ ಅಲ್ಲ ಅದು, ಒಂದು ಲಾರಿ ಅಕ್ಕಿಯನ್ನು ಒಟ್ಟಿಗೆ ಸುರಿದ ಹಾಗೆ. ಆಮೇಲೆ ನೆಲ ಒಮ್ಮೆ ಅದುರಿತು. ಆಮೇಲೆ ಧೂಳು. ಧೂಳು ಇಳಿದ ಮೇಲೆ ನಮ್ಮ ಮನೆಯ ಮುಂಬಾಗಿಲಿನಿಂದ ಹಿಂದಿನ ಬೀದಿಯ ಆಕಾಶ ಕಂಡಿತು. ಅತ್ತೆಯ ಮಂಚದ ನಡು ಮುರಿದಿತ್ತು. ದಿಂಬಿನ ಮೇಲೆ, ತಲೆ ಇಡುವ ಕುಳಿಯಲ್ಲೇ, ನಾಲ್ಕು ಇಟ್ಟಿಗೆ.

ಮಾಮನ ಕೋಣೆ ಪೂರ್ತಿ ಹಳ್ಳಕ್ಕೆ ಇಳಿದಿತ್ತು. ಹಲಗೆ ಮಂಚ, ಪೈಪುಗಳು, ಎಲ್ಲ. ಕೆಂಪು ನೀರಿನ ಮೇಲೆ ಬಣ್ಣಬಣ್ಣದ ಕಾಗದ ಬಿಚ್ಚಿಕೊಳ್ಳುತ್ತ ತೇಲುತ್ತಿತ್ತು. ಒಂದು ದೊಡ್ಡ ಹೆಂಗಸಿನ ಮುಖ, ಕುಂಕುಮ ಇಟ್ಟದ್ದು, ನಿಧಾನಕ್ಕೆ ಒದ್ದೆಯಾಗಿ ಮುಳುಗಿತು. ಅವರು ಒಂದು ಸಲ ನೋಡಿದರು. ಓಡಿ ಹೋಗಿ ಒಂದನ್ನಾದರೂ ಎತ್ತಿಕೊಳ್ಳುತ್ತಾರೆ ಎಂದುಕೊಂಡೆ. ಅತ್ತೆಯ ಕಾಲಬಳಿ ನೆಲದ ಮೇಲೆ ಕೂತುಬಿಟ್ಟರು.

ಬೀದಿಯವರ ಬಾಯಲ್ಲೆಲ್ಲ ಅವರದೇ ಮಾತಾಯಿತು. ಬದುಕಿನ ಗಳಿಕೆಯನ್ನೆಲ್ಲ ಬಿಟ್ಟು ಪಕ್ಕದ ಮನೆಯ ಮುದುಕಿಯನ್ನು ಎತ್ತಿಕೊಂಡು ಓಡಿದವರು. ಗಣೇಶನ ಹಬ್ಬದ ಪೆಂಡಾಲಿನಲ್ಲಿ ಕರೆದು ಶಾಲು ಹೊದಿಸಿದರು. ಮೈಕಿನಲ್ಲಿ ಎರಡು ಮಾತು ಹೇಳಿ ಎಂದರೆ ಕೈ ಮುಗಿದು ಇಳಿದುಬಂದರು. ಆ ಹೊತ್ತಿಗೆ ನಾವು ಚಾಮರಾಜಪೇಟೆಗೆ ಬಂದಾಗಿತ್ತು, ಅವರು ಮಾವಳ್ಳಿಗೆ ಹೋಗಿದ್ದರು. ಮಾರನೆಯ ಬೆಳಿಗ್ಗೆ ನಮ್ಮ ಮೆಟ್ಟಿಲ ಮೇಲೆ ಆ ಶಾಲು ಮಡಿಸಿಟ್ಟಿತ್ತು. ಬಾಗಿಲು ತಟ್ಟಿರಲಿಲ್ಲ. ಅತ್ತೆ, "ನನಗೆ ಅಂತ ಬಿಟ್ಟು ಹೋಗಿದಾನೆ, ಎಂಥ ಮನಸ್ಸು" ಎಂದು ಕಣ್ಣಿಗೊತ್ತಿಕೊಂಡರು.

ನನಗೆ ಪಟ್ಟಿ ಸಿಕ್ಕಿದ್ದು ಗೋಡೆ ಬಿದ್ದ ಮೂರನೆಯ ದಿನವೇ. ಪಾತ್ರೆ ಹೆಕ್ಕಲು ಹೋದಾಗ ಹಳ್ಳದ ಅಂಚಿನ ಇಟ್ಟಿಗೆಗಳ ನಡುವೆ. ಪೂರ್ತಿ ಪಟ್ಟಿ, ಒಂದು ಎಳೆಯೂ ಬಿಟ್ಟಿರಲಿಲ್ಲ. ಎರಡು ತುದಿಯಲ್ಲೂ ಸುಣ್ಣದ ಚಕ್ಕೆ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಹಿಂದೆ ತಿರುಗಿಸಿದೆ. ನನ್ನ ಮಲ್ ಬಟ್ಟೆ. ಅಲ್ಲಿ ನಿಂತೇ ಎಲ್ಲ ಅರ್ಥವಾಯಿತು. ಗೋಡೆ ಸರಿದಾಗ ಬರೀ ಕಾಗದವಾಗಿದ್ದರೆ ಹರಿಯುತ್ತಿತ್ತು. ಬಟ್ಟೆ ಇದ್ದದ್ದರಿಂದ ಪಟ್ಟಿ ಹರಿಯಲಿಲ್ಲ, ಅದರ ಬದಲು ಹಿಂದಿನ ಸುಣ್ಣವೇ ಗೋಡೆಯಿಂದ ಎದ್ದು ಬಂತು. ಮುಂದಿನಿಂದ ನೋಡಿದವರಿಗೆ ಎಲ್ಲ ಸರಿಯಾಗಿತ್ತು. ಜೀವಮಾನವೆಲ್ಲ ಕಾಗದ ಹರಿಯದಂತೆ ಕಾಯ್ದ ಕೈ, ಹರಿಯಲೆಂದೇ ಅಂಟಿಸಬೇಕಾದ ಕಾಗದಕ್ಕೂ ಬೆನ್ನಿಗೆ ಬಟ್ಟೆ ಕೊಟ್ಟುಬಿಟ್ಟಿತ್ತು.

ಪಾಪ ಎನ್ನಿಸಿತು. ಬಟ್ಟೆ ಕೊಟ್ಟವಳು ನಾನು ಎಂದು ನನ್ನ ಮೇಲೂ ಸಿಟ್ಟು ಬಂತು. ಪಟ್ಟಿಯನ್ನು ಯಾರಿಗೂ ತೋರಿಸದೆ ಸುಟ್ಟುಹಾಕಿದೆ.

ಮಾವಳ್ಳಿಗೆ ಹೋದದ್ದು ಮೊನ್ನೆ ಸಂಕ್ರಾಂತಿ ಕಳೆದ ಮೇಲೆ. ಮೈ ಸರಿಯಿಲ್ಲ, ಊಟ ಸೇರುತ್ತಿಲ್ಲ ಎಂದು ಅಕ್ಕನ ಮಗಳು ಹೇಳಿದ್ದಳು. ಅವರು ಕಿಟಕಿಯ ಪಕ್ಕ ಗೋಡೆಗೆ ತಾಗದಂತೆ ಹಾಕಿದ ಮಂಚದಲ್ಲಿ ಕೂತಿದ್ದರು. ಕೋಣೆಯಲ್ಲಿ ಒಂದು ತುಂಡು ಚಿತ್ರವಿರಲಿಲ್ಲ. ಅವಳು ಕಾಫಿ ಕೊಟ್ಟು ಮಗುವನ್ನು ಕರೆದುಕೊಂಡು ಮಹಡಿಗೆ ಹೋದಳು. ಸಮಾಧಾನ ಹೇಳಬೇಕೆಂದೇ ನಾನು ಮಾತು ತೆಗೆದೆ.

"ಮಾಮ, ಆ ಪಟ್ಟಿ ನನಗೆ ಸಿಕ್ಕಿತ್ತು. ಹಿಂದೆ ಬಟ್ಟೆ ಇತ್ತು. ಅಭ್ಯಾಸ ನಿಮಗೆ, ಕೈ ತಾನೇ ಹೋಗುತ್ತೆ. ಅದನ್ನೇ ಮನಸ್ಸಿಗೆ ಹಚ್ಕೊಂಡು ಕೊರಗ್ಬೇಡಿ. ನಾನು ಯಾರಿಗೂ ಹೇಳಿಲ್ಲ."

ಅವರು ಲೋಟ ಕೆಳಗಿಟ್ಟರು.

"ಅಂಟಿಸೋವಾಗ ಗೊತ್ತಾಗ್ಲಿಲ್ಲಮ್ಮ. ಅದು ಸತ್ಯ."

"ಅದೇ ನಾನೂ ಹೇಳ್ತಿರೋದು."

"ಪೂರ್ತಿ ಕೇಳು. ಮಾರನೇ ದಿನ ಬೆಳಿಗ್ಗೆ ಮುಖ ತೊಳ್ಕೊಂಡು ಬಂದು ಎದುರಿಗೆ ನಿಂತ್ಕೊಂಡೆ. ಆಗ ಹೊಳೀತು. ಇದು ಹರಿಯೋದಲ್ಲ. ಕಿತ್ತು ಬರೀ ಕಾಗದ ಅಂಟಿಸೋಕೆ ಎಷ್ಟು ಹೊತ್ತು ಹೇಳು? ಅಂಟು ಇನ್ನೂ ಬಟ್ಟಲಲ್ಲೇ ಇತ್ತು."

ನಾನೂ ಲೋಟ ಕೆಳಗಿಟ್ಟೆ.

"ಕೀಳಲಿಲ್ಲ. ಹರಿದ್ರೆ ಅವತ್ತೇ ಎಲ್ರೂ ಎದ್ದು ಹೋಗ್ಬೇಕಿತ್ತಲ್ಲ. ಆ ಪೋಸ್ಟರುಗಳನ್ನ ಎಲ್ಲಿಗೆ ತಗೊಂಡು ಹೋಗ್ಲಿ? ಎಂಟು ಮನೆ ನೋಡಿದ್ದೆ. ಇನ್ನೊಂದು ವಾರದಲ್ಲಿ ಸಿಗುತ್ತೆ, ಇನ್ನೊಂದು ವಾರದಲ್ಲಿ ಸಿಗುತ್ತೆ ಅಂತ. ಬೀಳೋಕೆ ಎರಡು ದಿನ ಮುಂಚೆ ಬೆರಳಲ್ಲಿ ಒತ್ತಿ ನೋಡಿದೆ. ಹಿಂದೆ ಟೊಳ್ಳು. ಆಗ್ಲೂ ಹೇಳ್ಲಿಲ್ಲ."

"ಅತ್ತೆ ಅಲ್ಲೇ ಮಲಗ್ತಿದ್ರು ಮಾಮ."

"ಗೊತ್ತು. ಅವರು ಮಗ್ಗುಲು ಬದಲಾಯಿಸಿದ್ರೆ ಮಂಚ ಕಿರುಗುಟ್ಟೋದು. ಗೋಡೇಲಿ ಕೇಳಿಸ್ತಿತ್ತು ನನಗೆ."

ಕೆಳಗೆ ರಸ್ತೆಯಲ್ಲಿ ಯಾರೋ ಸೊಪ್ಪು ಮಾರಿಕೊಂಡು ಹೋದರು. ಅವರ ಕೈ ಹಾಸಿಗೆಯ ಮೇಲಿನ ಸುಕ್ಕನ್ನು ನಡುವಿನಿಂದ ಅಂಚಿಗೆ ಸರಿಪಡಿಸುತ್ತಲೇ ಇತ್ತು. ಇಷ್ಟು ವರ್ಷ ನಾನು ಮೆಚ್ಚಿದ ಕೈ. ನನ್ನ ಲೋಟ, ಅವರ ಲೋಟ ಎರಡನ್ನೂ ತೊಳೆದು ಬೋರಲು ಹಾಕಿ ಬಂದೆ. ಬರುತ್ತೇನೆ ಎಂದು ಹೇಳಲಿಲ್ಲ. ಮತ್ತೆ ಹೋಗಲಿಲ್ಲ. ಮೂರು ವಾರಕ್ಕೆ ಫೋನು ಬಂತು.

ಹದಿಮೂರನೆಯ ದಿನದ ಊಟಕ್ಕೆ ಅತ್ತೆಯನ್ನೂ ನನ್ನನ್ನೂ ಕರೆದರು. ಹಿಂದಿನ ಮಧ್ಯಾಹ್ನ ಅತ್ತೆ ತಮ್ಮ ಒಳ್ಳೆಯ ಸೀರೆಯನ್ನು ಬೀರುವಿನಿಂದ ತೆಗೆದು ಹಾಸಿಗೆಯ ಮೇಲಿಟ್ಟರು. "ನಾಳೆ ನಾಲ್ಕು ಜನರ ಮುಂದೆ ಎದ್ದು ನಿಂತು ಹೇಳ್ತೀನಿ ಕಣೇ. ಮಂಡಿ ನೋಯ್ಲಿ, ನಿಂತ್ಕೊಂಡೇ ಹೇಳ್ತೀನಿ. ಇವನಿಂದ ನಾನು ಬದುಕಿರೋದು ಅಂತ."

ಆ ಮಾತು ಅವರ ಬಾಯಿಂದ ಅಲ್ಲಿ ಬರುವುದನ್ನು ನಾನು ಕೂತು ಕೇಳಲಾರೆ ಎನ್ನಿಸಿತು. ಹೇಳಿದೆ. ಬಟ್ಟೆ, ಮಾರನೆಯ ಬೆಳಿಗ್ಗೆ, ಟೊಳ್ಳು, ಎಲ್ಲ. ಮುಗಿದ ಮೇಲೆ ಅತ್ತೆ ಕೇಳಿದರು.

"ಎಷ್ಟು ದಿನ ಗೊತ್ತಿತ್ತಂತೆ ಅವನಿಗೆ?"

"ನಲವತ್ತು ದಿನದ ಮೇಲೆ."

"ಅಷ್ಟು ದಿನವೂ ಅವನೂ ಅದೇ ಗೋಡೆ ಪಕ್ಕದಲ್ಲೇ ಮಲಗ್ತಿದ್ದ."

"ಹೌದು."

"ಮಂಚ ಕಿರುಗುಟ್ಟೋದು ಕೇಳಿಸ್ತಿತ್ತು ಅಂದ್ನಾ?"

"ಹೂಂ."

ಅತ್ತೆ ಮಂಡಿ ಹಿಡಿದುಕೊಂಡು ಎದ್ದರು. ಆಮೇಲೆ ಸೀರೆಯನ್ನು ಮಡಿಕೆ ಕೆಡದಂತೆ ಎತ್ತಿ ಬೀರುವಿನಲ್ಲಿಟ್ಟು ಬಾಗಿಲು ಹಾಕಿದರು.

"ನೀನು ಹೋಗಿ ಬಾ. ನಾನು ಬರಲ್ಲ."

ಒಬ್ಬಳೇ ಹೋದೆ. ಅಕ್ಕನ ಮಗಳು ಬಾಗಿಲಲ್ಲೇ ನನ್ನ ಹಿಂದೆ ನೋಡಿ, "ನಿಮ್ಮ ಅತ್ತೆ ಎಲ್ಲಿ? ಅವರಿಗೆ ಅಂತ ನಿಮ್ಮ ಪಕ್ಕದಲ್ಲೇ ಎಲೆ ಹಾಕಿಸಿದ್ದೆ. ಮಾವನಿಗೆ ಅವರಂದ್ರೆ ತುಂಬಾ..." ಎಂದಳು. ಮಂಡಿ ನೋವು ಎಂದೆ. ಕೂರಿಸಿದಳು. ನನ್ನ ಪಕ್ಕದ ಎಲೆಯನ್ನು ಯಾರೂ ತೆಗೆಯಲಿಲ್ಲ. ಬಡಿಸುವವನು ಸಾಲಾಗಿ ಬಂದು ಅದರ ತುದಿಗೂ ಉಪ್ಪು ಹಾಕಿ ಮುಂದೆ ಹೋದ.